ಐದನೇ ರೀಲಿನ ಮುಚ್ಚಳ

೧೯೯೦ರಲ್ಲಿ ನನ್ನ ಓದು ನಿಂತಿತು. ಒಂಬತ್ತನೇ ಇಯತ್ತೆಯ ದಸರಾ ರಜೆಗೆಂದು ದೇವದುರ್ಗದ ಹೈಸ್ಕೂಲಿನಿಂದ ನಮ್ಮೂರು ಮಸರಕಲ್‌ಗೆ ಬಂದವನು ವಾಪಸು ಹೋಗಲಿಲ್ಲ. ಅಣ್ಣ ದೇವಣ್ಣ ಸಾಲಿಗೆ ಹೋಗಿ ನನ್ನ ಹೆಸರು ತೆಗೆಸಿಕೊಂಡು ಬಂದ. ಮರುವಾರ ನಾನು ರಾಯಚೂರಿನ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಜಂಗು ಉಜ್ಜುತ್ತಿದ್ದೆ. ಯಾಕೆ ಬಿಡಿಸಿದೆ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅರ್ಧ ಒಂಬತ್ತು ಓದಿದವನು ಅಂತ ಯಾರಾದರೂ ಕನಿಕರದಿಂದ ನೋಡಿದರೆ ನನಗೆ ಸಿಟ್ಟು ಬರುತ್ತದೆ ನೋಡ್ರಿ. ಮಾನ್ವಿಯ ನನ್ನ ಶಾಪಿನಿಂದ ಹೊರಬಿದ್ದ ಟ್ರ್ಯಾಕ್ಟರ್ ಟ್ರಾಲಿ ಒಂದೂ ಇವತ್ತಿನ ತನಕ ಬೆಸುಗೆ ಬಿಟ್ಟು ವಾಪಸು ಬಂದಿಲ್ಲ. ಬೇಕಾದರೆ ಸಿರವಾರದ ರೈಸ್‌ಮಿಲ್ ಸಾವಕಾರರನ್ನು ಕೇಳಿರಿ. ನಲವತ್ತು ಚೀಲದ ಟ್ರಾಲಿಗೆ ಎಪ್ಪತ್ತು ಚೀಲ ಭತ್ತ ಹೇರಿ, "ತಡೀತದೇನ್ರಿ ಮೇಸ್ತ್ರಿ?" ಅಂತ ಆಮೇಲೆ ಕೇಳುವ ಜನ ಅವರು.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ಮನೆಯ ರೊಟ್ಟಿ ಡಬ್ಬಿ. ಅದು ಅಸಲಿಗೆ ರೊಟ್ಟಿ ಡಬ್ಬಿ ಅಲ್ಲ, ಸಿನಿಮಾ ರೀಲಿನ ತಗಡಿನ ಡಬ್ಬಿ. ರಾಯಚೂರಿನ ಒಂದು ಟಾಕೀಜು ಮುಚ್ಚಿ ಅಲ್ಲಿ ಮದುವೆ ಹಾಲ್ ಕಟ್ಟುವಾಗ ಗುಜರಿಗೆ ಹೊರಟಿದ್ದ ಸಾಮಾನಿನಲ್ಲಿ ಇದನ್ನು ನಾನು ಎತ್ತಿಕೊಂಡು ಬಂದೆ. ನನ್ನ ಹೆಂಡತಿ ಈರಮ್ಮ ತಿರುವಿ ಮುರುವಿ ನೋಡಿ, ಕಟಕ್ ರೊಟ್ಟಿಯ ಅಳತೆಗೆ ಸರಿಯಾಗಿದೆ ಅಂತ ತೀರ್ಪು ಕೊಟ್ಟಳು. ಜೋಳದ ಕಟಕ್ ರೊಟ್ಟಿ ಅದರೊಳಗೆ ಒಂದರ ಮೇಲೊಂದು ಹೇಗೆ ಕೂರುತ್ತವೆ ಅಂದರೆ, ಸಿನಿಮಾ ಕಂಡುಹಿಡಿದವನು ನಮ್ಮ ಕಡೆಯ ರೊಟ್ಟಿ ನೋಡಿಯೇ ಡಬ್ಬಿ ಮಾಡಿಸಿರಬೇಕು. ಡಬ್ಬಿಯ ತಳದಲ್ಲಿ ೭ ಅಂತ ಕೊರೆದಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ೫ ಅಂತ ಇದೆ. ಮೂವತ್ತೈದು ವರ್ಷದಿಂದ ಆ ತಪ್ಪು ಹಾಗೆಯೇ ಇದೆ. ತಪ್ಪು ಮಾಡಿದವನು ನಾನೇ. ಅದನ್ನು ಆಮೇಲೆ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಒಬ್ಬ ಲೆಕ್ಚರರ್ ಸಾಹೇಬರು ಗೇಟು ಮಾಡಿಸಲು ಬಂದರು. ಗೇಟಿನ ಮಾತು ಮುಗಿದು ಚಹಾ ಬರುವಷ್ಟರಲ್ಲಿ ಸಿನಿಮಾದ ಮಾತು ಬಂತು. ಜನ ಮುಗಿಬಿದ್ದು ನೋಡುವ ಸಿನಿಮಾಗಳಲ್ಲಿ ಮನಸ್ಸಿನ ಆಳ ಅನ್ನುವುದೇ ಇಲ್ಲ ಅಂದರು. ಆಳದ ವಿಷಯ ನನಗೂ ಸ್ವಲ್ಪ ಗೊತ್ತು, ಬಾವಿಗೆ ಕಬ್ಬಿಣದ ಏಣಿ ಮಾಡಿಕೊಡುವವನು ನಾನು. ಮೇಲಿನಿಂದ ನೋಡಿ ಆಳ ಹೇಳಲು ಬರುವುದಿಲ್ಲ, ಒಳಗೆ ಹಗ್ಗ ಬಿಡಬೇಕಾಗುತ್ತದೆ.

"ಸರ, ಅಂಥಾ ಒಂದು ಸಿನಿಮಾದಾಗ ಹೀರೋನ ತಾಯಿ ಇಪ್ಪತ್ತು ವರ್ಷದ ಮ್ಯಾಲೆ ಮಗನ್ನ ನೋಡ್ತಾಳ. ಓಡಿ ಹೋಗಿ ತಬ್ಬಿಕೊಳ್ಳಾಕ ಮದಲ ಆಕಿ ಏನು ಮಾಡ್ತಾಳ ಹೇಳ್ರಿ?"

"ಅಳ್ತಾಳ," ಅಂದರು ಸಾಹೇಬರು.

"ಅಳಂಗಿಲ್ಲ. ಹರಿದ ಸೆರಗು ಒಳಗ ಮಡಚಿಕೊಳ್ತಾಳ. ಮಗನ ಮುಂದ ಬಡತನ ಕಾಣಬಾರದು ಅಂತ. ಡೈರೆಕ್ಟರ್ ಹೇಳಿದ್ನೋ, ಆಕಿನ ಮಾಡಿದ್ಳೋ ಗೊತ್ತಿಲ್ಲ. ಎರಡು ಸೆಕೆಂಡು. ಆಮ್ಯಾಲೆ ಹಾಡು ಬರ್ತದ, ಎಲ್ಲಾ ಹಾಳಾಗ್ತದ. ಆದ್ರ ಆ ಎರಡು ಸೆಕೆಂಡು ನಿಮ್ಮ ಗೇಟಿಗಿಂತ ಗಟ್ಟಿ ಅದ."

ಸಾಹೇಬರು ಚಹಾ ಕುಡಿದರು. ಗೇಟು ಗಟ್ಟಿ ಮಾಡಿಕೊಡಲು ಹೇಳಿ ಹೋದರು.

ನಮ್ಮ ಶಾಪಿಗೆ ಅಮಾವಾಸ್ಯೆ ಸೂಟಿ. ಅವತ್ತು ಹೊಲದಲ್ಲಿ ಎತ್ತು ಹೂಡುವುದಿಲ್ಲ, ನಾವು ಕಬ್ಬಿಣಕ್ಕೆ ಬೆಂಕಿ ಮುಟ್ಟಿಸುವುದಿಲ್ಲ. ಬೆಳಗ್ಗೆ ಮಷಿನಿಗೆ ಕಾಯಿ ಒಡೆದರೆ ಮಧ್ಯಾಹ್ನ ಸಿನಿಮಾ. ಜೊತೆಗೆ ಖಾಜಾ ಇರಲೇಬೇಕು. ಟ್ರಾಲಿಗಳ ಹಿಂದೆ ದೇವರ ಹೆಸರು, ತಾಯಿಯ ಆಶೀರ್ವಾದ, ನವಿಲು ಎಲ್ಲ ಬರೆಯುವ ಪೇಂಟರ್ ಅವನು. ಅವನದು ಒಂದೇ ಚಿಂತೆ. ಪ್ರತಿ ಫೈಟಿನಲ್ಲೂ ಸಂತೆಯಲ್ಲಿ ಗಡಿಗೆ ಮಾರುವವಳ ಮೇಲೆ ರೌಡಿಗಳು ಬೀಳುತ್ತಾರಲ್ಲ, ಆ ಗಡಿಗೆಯವಳು ಮುಂದೆ ಏನಾದಳು?

"ಹೀರೋ ಊರು ಉದ್ಧಾರ ಮಾಡಿದ ಖರೆ. ಆಕಿ ಗಡಿಗಿ ಯಾರು ಕೊಟ್ರು?" ಅಂತ ಇಂಟರ್ವಲ್ಲಿನಲ್ಲಿ ಶೇಂಗಾ ಸುಲಿಯುತ್ತ ಕೇಳುತ್ತಾನೆ.

"ಲೇ, ಅದು ಸಿನಿಮಾ ಬೇ," ಅನ್ನುತ್ತೇನೆ.

"ಸಿನಿಮಾ ಅಂತ ಗಡಿಗಿ ಒಡೀಲಿಲ್ಲೇನು?" ಅನ್ನುತ್ತಾನೆ.

ನಾನು ನೋಡುವುದೂ ಹೀಗೆಯೇ, ಜಾಯಿಂಟಿನ ಕಡೆಗೆ. ನಲವತ್ತು ಸಲ ಕಂಡ ಕಥೆಯಲ್ಲೂ ಎಲ್ಲೋ ಒಂದು ಕಡೆ ಮನುಷ್ಯ ಮನುಷ್ಯನಿಗೆ ಸರಿಯಾಗಿ ಬೆಸೆದುಕೊಂಡಿರುತ್ತಾನೆ. ಕಾಮಿಡಿ ಮಾಡುವವನು ಧಣಿಯ ಕೈಯಿಂದ ಹೊಡೆತ ತಿಂದು ನಗುವಾಗ ಅವನ ಕಣ್ಣು ಧಣಿಯ ಚಪ್ಪಲಿಯ ಮೇಲೆಯೇ ಇರುತ್ತದೆ. ಜನ ನಗುತ್ತಾರೆ. ನನಗೆ ಮಾತ್ರ ರಾಯಚೂರಿನ ನನ್ನ ಮೊದಲ ಮೇಸ್ತ್ರಿ ನೆನಪಾಗಿ ಬೆನ್ನು ಸೆಟೆಯುತ್ತದೆ. ಇನ್ನು ನಾನು ಸಿನಿಮಾದಲ್ಲಿ ಅಳುತ್ತೇನೆ ಅಂತ ಖಾಜಾ ಊರೆಲ್ಲ ಹಬ್ಬಿಸಿದ್ದಾನೆ. ಅದು ಸುಳ್ಳು. ವೆಲ್ಡಿಂಗ್ ಬೆಳಕು ಬಡಿದ ಕಣ್ಣು ಕತ್ತಲಲ್ಲಿ ನೀರು ಬಿಡುತ್ತದೆ, ಅಷ್ಟೆ. ಅದು ಅಮಾವಾಸ್ಯೆಯ ದಿನ, ವೆಲ್ಡಿಂಗ್ ಇಲ್ಲದ ದಿನವೇ ಯಾಕೆ ಬರುತ್ತದೆ ಅಂತ ಅವನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಈಗ ಮುಚ್ಚಳದ ಕಥೆ. ರಾಯಚೂರಿಗೆ ಬಂದ ಮೊದಲ ವರ್ಷ ಅಲ್ಲಿ ಎರಡು ಟಾಕೀಜಿಗೆ ಒಂದೇ ಪ್ರಿಂಟು ತರಿಸುತ್ತಿದ್ದರು. ಒಂದರಲ್ಲಿ ಎರಡೂವರೆಗೆ ಆಟ ಶುರು, ಇನ್ನೊಂದರಲ್ಲಿ ಮೂರೂಕಾಲಿಗೆ. ಮೊದಲ ಟಾಕೀಜಿನಲ್ಲಿ ಓಡಿದ ರೀಲುಗಳನ್ನು ಡಬ್ಬಿಗೆ ಹಾಕಿ ಸೈಕಲ್ ಮೇಲೆ ಇನ್ನೊಂದಕ್ಕೆ ಒಯ್ಯಬೇಕು. ಒಯ್ಯುವ ಕಾಯಂ ಮನುಷ್ಯನ ಕಾಲು ಉಳುಕಿದ್ದರಿಂದ ನಮ್ಮ ಮೇಸ್ತ್ರಿ ತನ್ನ ದೋಸ್ತನಾದ ಮ್ಯಾನೇಜರಿಗೆ ಹದಿನೈದು ದಿನ ನನ್ನನ್ನು ಎರವಲು ಕೊಟ್ಟ. ನಾನು ಬರುವುದು ತಡವಾದರೆ ಅಲ್ಲಿ ಪರದೆ ಬೆಳ್ಳಗಾಗುತ್ತಿತ್ತು, ಲೈಟು ಹತ್ತುತ್ತಿತ್ತು. ಗೇಟ್‌ಕೀಪರ್ ಬಾಗಿಲಲ್ಲಿ ನಿಂತು, "ರೀಲ್ ದಾರ್ಯಾಗ ಅದ, ಕುಂದರ್ರಿ," ಅನ್ನುತ್ತಿದ್ದ. ಜನ ಕೂರುತ್ತಿದ್ದರು. ದಾರಿಯಲ್ಲಿದೆ ಅಂದ ಮೇಲೆ ಬಂದೇ ಬರುತ್ತದೆ ಅನ್ನುವ ನಂಬಿಕೆ ಅವರದು. ಆ ನಂಬಿಕೆಗಾಗಿ ನಾನು ತೀನ್ ಕಂದೀಲ್ ಚೌಕಿನಲ್ಲಿ ಹೇಗೆ ಸೈಕಲ್ ತುಳಿಯುತ್ತಿದ್ದೆ ಅಂದರೆ, ಸಾಲಿಯಲ್ಲಿ ಅಷ್ಟು ಜೋರು ಓಡಿದ್ದರೆ ಬಹುಮಾನದ ಕಪ್ ಸಿಗುತ್ತಿತ್ತು.

ಆಗ ಒಂದು ಬಡಪಾಯಿ ಸಿನಿಮಾ ಬಂತು. ಹೆಸರು ಹೇಳುವುದಿಲ್ಲ, ತೆಗೆದವರೂ ಮರೆತಿರಬೇಕು. ಬೇರೆ ಊರುಗಳಲ್ಲಿ ಮೂರು ದಿನಕ್ಕೆ ಎತ್ತಿದ್ದರು. ಕಥೆ ಇಷ್ಟೇ: ಒಬ್ಬ ಕೆಟ್ಟವನು ಐದನೇ ರೀಲಿನಲ್ಲಿ ಹೀರೋನ ಬಣವೆಗೆ ಬೆಂಕಿ ಹಚ್ಚುತ್ತಾನೆ. ಆರನೇ ರೀಲಿನಲ್ಲಿ ಎರಡು ಹಾಡು. ಏಳನೇ ರೀಲಿನಲ್ಲಿ ಆ ಕೆಟ್ಟವನ ಬಾಲ್ಯ ತೋರಿಸುತ್ತಾರೆ. ಉಣ್ಣಲು ಪಂಕ್ತಿಯಲ್ಲಿ ಕೂತ ಹುಡುಗನನ್ನು ಅರ್ಧ ಊಟದಲ್ಲಿ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕಳಿಸುತ್ತಾರೆ. ಅವನು ಎಂಜಲು ಕೈಯಲ್ಲೇ ಬಾಗಿಲಲ್ಲಿ ನಿಂತು ಉಳಿದವರು ಉಣ್ಣುವುದನ್ನು ನೋಡುತ್ತಾನೆ.

ಒಂದು ಮಧ್ಯಾಹ್ನ ಐದು, ಆರು, ಏಳು ಮೂರೂ ರೀಲು ಹೇರಿಕೊಂಡು ಹೊರಟಿದ್ದೆ. ಸ್ಟೇಷನ್ ರೋಡಿನಲ್ಲಿ ಎಮ್ಮೆ ಅಡ್ಡ ಬಂತು. ಸೈಕಲ್ ಬಿತ್ತು, ಡಬ್ಬಿಗಳು ಬಿದ್ದವು, ಮುಚ್ಚಳಗಳು ಗಾಲಿಯ ಹಾಗೆ ಉರುಳಿ ಹೋದವು. ರೀಲು ಬಿಚ್ಚಿಕೊಳ್ಳಲಿಲ್ಲವಲ್ಲ ಅಂತ ದೇವರಿಗೆ ಕೈ ಮುಗಿದು, ಕೈಗೆ ಸಿಕ್ಕ ಮುಚ್ಚಳ ಹಾಕಿಕೊಂಡು ಓಡಿದೆ. ಐದರದು ಏಳಕ್ಕೆ, ಏಳರದು ಐದಕ್ಕೆ. ತಳ ನೋಡುವ ಪುರುಸೊತ್ತು ನನಗಿರಲಿಲ್ಲ. ಅಲ್ಲಿ ಕಾಯುತ್ತಿದ್ದ ಆಪರೇಟರನಿಗಂತೂ ಮೊದಲೇ ಇರಲಿಲ್ಲ.

ಹೀಗಾಗಿ ಆ ಆಟದ ಜನ ಮೊದಲು ಎಂಜಲು ಕೈಯ ಹುಡುಗನನ್ನು ನೋಡಿದರು, ಆಮೇಲೆ ಬೆಂಕಿ ನೋಡಿದರು. ಹೀರೋನ ಕೈಗೆ ಸುಟ್ಟ ಗಾಯದ ಪಟ್ಟಿ ಮೊದಲೇ ಬಂತು.

"ಕೈಗೇನಾಗ್ಯಾದ ಈತಗ?" ಅಂತ ಹಿಂದಿನ ಸಾಲಿನವನು ಕೇಳಿದ.

"ಮುಂದ ತೋರಸ್ತಾರ, ಸುಮ್ಮನ ಕುಂದರು," ಅಂತ ಇನ್ನೊಬ್ಬ ಗದರಿಸಿದ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಬಣವೆಗೆ ಬೆಂಕಿ ಬಿದ್ದಾಗ ಯಾರೂ ಬೈಯಲಿಲ್ಲ, ಸಿಳ್ಳೆ ಹೊಡೆಯಲಿಲ್ಲ. ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ದನಿ ಮಾತ್ರ ಕೇಳಿತು: "ಯವ್ವಾ, ಬಣವಿಗಿಂತ ಮದಲ ಆತನ ಹೊಟ್ಟಿ ಎಷ್ಟು ಸುಟ್ಟಿತ್ತೋ."

ಮರುದಿನ ಆಪರೇಟರ್ ನನ್ನ ಕಿವಿ ಹಿಂಡಿ, ತಳದ ನಂಬರು ನೋಡಿ ಕ್ರಮವಾಗಿ ಓಡಿಸಿದ. ಮುಚ್ಚಳ ಬದಲಿಸುವ ಗೊಡವೆಗೆ ಯಾರೂ ಹೋಗಲಿಲ್ಲ, ಪ್ರಿಂಟು ಕೇಳಿಕೊಂಡೂ ಯಾರೂ ಬರಲಿಲ್ಲ, ಡಬ್ಬಿ ಟಾಕೀಜಿನಲ್ಲೇ ಉಳಿಯಿತು. ಬೆಂಕಿ ಬಿದ್ದಾಗ ಜನ ಕೆಟ್ಟವನನ್ನು ಮನಸಾರೆ ಬೈದರು. ಆಮೇಲೆ ಅವನ ಬಾಲ್ಯ ಬಂದಾಗ ಅರ್ಧ ಜನ ಶೇಂಗಾ ತರಲು ಎದ್ದು ಹೋಗಿದ್ದರು. ಅದೇ ಸಿನಿಮಾ, ಅದೇ ಜನ. ಹದಿನೈದು ವರ್ಷದ ನನ್ನ ತಲೆಗೆ ಅವತ್ತು ಒಂದು ಮಾತು ಹೊಕ್ಕಿತು: ಕೆಟ್ಟವನಿಗೂ ಒಂದು ಕಾರಣ ಇರುತ್ತದೆ, ಅದರ ರೀಲು ನಮಗೆ ತಡವಾಗಿ ಬರುತ್ತದೆ. ಅಂದಿನಿಂದ ಯಾವ ಸಿನಿಮಾ ನೋಡಿದರೂ, ಯಾವ ಗಿರಾಕಿ ಬೈದರೂ, ಇವನ ಏಳನೇ ರೀಲು ಎಲ್ಲಿದೆ ಅಂತ ಹುಡುಕುವ ಚಾಳಿ ನನಗೆ.

ಒಬ್ಬನದು ಮಾತ್ರ ಹುಡುಕಿರಲಿಲ್ಲ. ಬಂದ್ಯಾ, ಉಂಡ್ಯಾ, ಹೊಂಟ್ಯಾ: ಮೂವತ್ತೈದು ವರ್ಷದಲ್ಲಿ ನನಗೂ ದೇವಣ್ಣನಿಗೂ ನಡುವೆ ಇದ್ದದ್ದು ಈ ಮೂರೇ ಮಾತು. ಮದುವೆಗಳಲ್ಲಿ ಎದುರುಬದುರು ಕೂತು ಉಂಡಿದ್ದೇವೆ. ಯಪ್ಪ ತೀರಿಕೊಂಡಾಗ ಹೆಗಲು ಕೊಟ್ಟಿದ್ದೇವೆ. ಜಗಳ ಆಡಿದ್ದೇ ಇಲ್ಲ. ಜಗಳ ಆಡಿದವರು ಒಂದಾಗಬಹುದು, ನಾವು ಆಡದೆಯೇ ಕೂತವರು.

ಯಪ್ಪನ ಮಾತು ಬಂತು ಅಂತ ಹೇಳುತ್ತೇನೆ. ಮಾನ್ವಿಯಲ್ಲಿ ಶಾಪು ಹಾಕಿದ ಹೊಸತರಲ್ಲಿ ಅವರು ಊರಲ್ಲಿ ಕಾಯುತ್ತಿದ್ದ ಕುರಿ ಬಿಟ್ಟು ಒಂದು ದಿನ ಬಂದಿದ್ದರು. ಟ್ರಾಲಿಯ ಬೆಸುಗೆಯ ಮೇಲೆ ಬೆರಳಾಡಿಸಿ, "ಸಾಲಿ ಒಲ್ಲೆ ಅಂದಿ, ಇರ್ಲಿ. ಕೈ ಚಲೋ ಅದ ನಿಂದು," ಅಂದರು. ಬಿಡಿಸಿದವರು ನೀವೇ ಅಪ್ಪ ಮಗ, ಒಲ್ಲೆ ಅಂದವನು ನಾನೇನು, ಅಂತ ಒಳಗೊಳಗೇ ಉರಿದುಹೋದೆ. ಯಪ್ಪ ಚುಚ್ಚುತ್ತಿದ್ದಾರೆ ಅಂದುಕೊಂಡೆ. ಅವರಿಗೆ ಚಹಾ ತರಿಸಲು ಸಹ ಮರೆತೆ.

ಹೋದ ತಿಂಗಳು ದೇವಣ್ಣನಿಗೆ ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದರು. ಧೂಳಿನಲ್ಲಿ ಇರಬಾರದು, ಟಿವಿ ಮೊಬೈಲು ನೋಡಬಾರದು ಅಂದರಂತೆ. ಮಸರಕಲ್‌ನಲ್ಲಿ ಅವನ ಮನೆಯ ಅಂಗಳದಲ್ಲಿ ಕುರಿಗಳ ಧೂಳು ಯಾವಾಗಲೂ ಎದ್ದಿರುತ್ತದೆ. ಈರಮ್ಮ ನನ್ನನ್ನು ಕೇಳದೆ, "ಭಾವ, ವಾರೊಪ್ಪತ್ತು ನಮ್ಮ ಮನೀಗೆ ಬರ್ರಿ," ಅಂದುಬಿಟ್ಟಳು. ಬಂದ. ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತ, ಕಣ್ಣು ಇನ್ನೂ ಮಸುಕು. ನಾನು ವೆಲ್ಡಿಂಗಿನ ಕರಿ ಕನ್ನಡಕ ಹಣೆಗೇರಿಸಿಕೊಂಡು ಮಧ್ಯಾಹ್ನ ಉಣ್ಣಲು ಹೋದರೆ, ಇಬ್ಬರನ್ನೂ ನೋಡಿ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಬಂದ್ಯಾ, ಉಂಡ್ಯಾ ನಡೆದೇ ಇತ್ತು.

ಅಮಾವಾಸ್ಯೆ ಬಂತು. ಖಾಜಾ ಮಗಳ ಮನೆಗೆ ಹೋಗಿದ್ದ, ಸಿನಿಮಾ ತಪ್ಪಿತು. ಬೇಸರಕ್ಕೆ ಆ ಹಳೆಯ ಬಡಪಾಯಿ ಸಿನಿಮಾವನ್ನೇ ನನ್ನ ಮಗಳ ಫೋನಿನಲ್ಲಿ ಹಾಕಿಸಿಕೊಂಡು ಪಡಸಾಲೆಯಲ್ಲಿ ಕೂತೆ. ದೇವಣ್ಣ ಕಿವಿ ಈ ಕಡೆ ಹೊರಳಿಸಿದ.

"ಏನದು?"

"ಸಿನಿಮಾ."

"ನನಗ ನೋಡಬ್ಯಾಡ ಅಂದಾರ."

"ನೀ ನೋಡಬ್ಯಾಡ. ನಾ ಹೇಳ್ತೀನಿ, ಕೇಳು."

ನಾನು ಯಾಕೆ ಹಾಗೆ ಅಂದೆನೋ. ಮೂರು ಮಾತಿನ ಲೆಕ್ಕ ಅವತ್ತು ಮುರಿಯಿತು. ಫೋನು ಬಂದ್ ಮಾಡಿ, ನೆನಪಿನಿಂದಲೇ ಹೇಳತೊಡಗಿದೆ. ಹೇಳಿದ್ದು ನನ್ನ ಮುಚ್ಚಳದ ಕ್ರಮದಲ್ಲಿ: ಮೊದಲು ಪಂಕ್ತಿಯಿಂದ ಎದ್ದ ಹುಡುಗ, ಎಂಜಲು ಕೈ, ಬಾಗಿಲು, ಆಮೇಲೆ ಬೆಂಕಿ. ದೇವಣ್ಣ ಕನ್ನಡಕದೊಳಗೆ ಕಣ್ಣು ಮುಚ್ಚಿಕೊಂಡು ಕೇಳಿದ. ಬೆಂಕಿ ಹತ್ತಿದ ಮೇಲೆ ಬಾಯಿ ಬಿಟ್ಟ.

"ಆ ಕೆಟ್ಟಾವ ತನಗ ಉಣ್ಣಾಕ ಬಿಡದ್ದಕ್ಕ ಬೆಂಕಿ ಹಚ್ಚಿದ ಅಂತೀಯೇನು?"

"ಎಲ್ಲಾರಿಗೂ ಒಂದು ಕಾರಣ ಇರ್ತದಣ್ಣ." ಕೇಳಬೇಕಾದ್ದು ಈಗ ಕೇಳದಿದ್ದರೆ ಸಾಯುವ ತನಕವೂ ಕೇಳುವುದಿಲ್ಲ ಅನ್ನಿಸಿತು. "ನೀ ನನ್ನ ಸಾಲಿ ಬಿಡಿಸಿದಿ. ಅದಕ್ಕೂ ಇದ್ದಿರಬೇಕು."

ಅವನು ಉತ್ತರ ಕೊಡುವ ಮೊದಲೇ ನಾನೇ ಅವನಿಗೆ ಕಾರಣ ಒದಗಿಸತೊಡಗಿದೆ. ಸಿನಿಮಾ ನೋಡಿ ನೋಡಿ ನನ್ನ ಹತ್ತಿರ ಕಾರಣಗಳಿಗೆ ಬರವಿಲ್ಲ.

"ಯಪ್ಪಗ ಆಗ ದಮ್ಮು ಜಾಸ್ತಿ ಆಗಿತ್ತು. ಅದಕ್ಕ ಅಲಾ?"

"ಯಪ್ಪನ ದಮ್ಮು ಮದಲಿಂದನ ಇತ್ತು."

"ಮತ್ತ ಕುರಿ ಕಾಯಾಕ ಮಂದಿ ಇದ್ದಿಲ್ಲ."

"ನಾನಿದ್ನಲ್ಲ. ನಿನ್ನ ಕುರಿಗೆ ಕಳಿಸಲಿಲ್ಲ, ರಾಯಚೂರಿಗೆ ಕಳಿಸಿದೆ."

"ಹಂಗಾರ ನಾ ಕೆಲಸ ಕಲ್ತು ಮುಂದ ಬರ್ಲಿ ಅಂತ—"

"ಸುಮ್ಮನಿರಲೇ," ಅಂದ ದೇವಣ್ಣ. "ನನಗ ಅಷ್ಟು ಒಳ್ಳೆಯವನ ಪಾರ್ಟು ಕೊಡಬ್ಯಾಡ. ನಾ ಹತ್ತನೇ ಇಯತ್ತ್ಯಾಗ ಎರಡು ಸಲ ಫೇಲು. ಮುಂದಿನ ವರ್ಷ ನೀನೂ ಹತ್ತಕ್ಕ ಬರ್ತಿದ್ದಿ. ಇಬ್ಬರೂ ಒಂದ ಪರೀಕ್ಷಾ. ನೀ ಪಾಸ್ ಆಗ್ತಿದ್ದಿ, ನಾ ಮತ್ತ ಫೇಲ್ ಆಗ್ತಿದ್ದೆ. ಊರು ನೋಡ್ತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ಅಷ್ಟ ಕಾರಣ."

ಈರಮ್ಮ ಒಳಗೆ ಪಾತ್ರೆ ಸದ್ದು ನಿಲ್ಲಿಸಿದಳು.

"ಯಪ್ಪಗ ಏನಂತ ಹೇಳಿದಿ?"

"ನೀನ ಒಲ್ಲೆ ಅಂದಿ ಅಂತ ಹೇಳಿದೆ. ಸಾಲಿ ತಲೀಗೆ ಹತ್ತವಲ್ದು, ರಾಯಚೂರಿಗೆ ಕಳಿಸು ಅಂತ ಅಳ್ತಾನ ಅಂದೆ. ಯಪ್ಪ ನಂಬಿದ. ಸಾಯೋತನಕ ನಂಬಿದ್ದ."

ನೋಡ್ರಿ, ಮೂವತ್ತೈದು ವರ್ಷ ಏಳನೇ ರೀಲು ಹುಡುಕಿದ ನಾನು ಇಂಥದ್ದೊಂದು ರೀಲು ಇರಬಹುದು ಅಂದುಕೊಂಡೇ ಇರಲಿಲ್ಲ. ತಾಯಿಯ ಕಾಯಿಲೆ ಇಲ್ಲ, ತ್ಯಾಗ ಇಲ್ಲ, ಹಿನ್ನೆಲೆಯಲ್ಲಿ ಪಿಟೀಲು ಇಲ್ಲ. ಹದಿನೆಂಟು ವರ್ಷದ ಹುಡುಗನೊಬ್ಬನಿಗೆ ತಮ್ಮನ ಮಾರ್ಕ್ಸು ನೋಡಿ ಹೊಟ್ಟೆ ಉರಿದಿತ್ತು. ಇದನ್ನು ಯಾರಾದರೂ ಸಿನಿಮಾ ತೆಗೆದರೆ ಮೂರು ದಿನವೂ ಓಡುವುದಿಲ್ಲ. ನನ್ನ ಸಿಟ್ಟು ಎದ್ದು ಬಂತು, ಸುಳ್ಳು ಯಾಕೆ ಹೇಳಲಿ. ಬಂದು ಬಾಗಿಲಲ್ಲಿ ನಿಂತಿತು. ಆದರೆ ಅದಕ್ಕಿಂತ ಮುಂದೆ ಯಪ್ಪನ ಬೆರಳು ನಿಂತಿತ್ತು, ಟ್ರಾಲಿಯ ಬೆಸುಗೆಯ ಮೇಲೆ. ಅವರು ಚುಚ್ಚಿರಲಿಲ್ಲ. ನಾನೇ ಒಲ್ಲೆ ಅಂದೆ ಅಂತ ನಂಬಿ, ಅದನ್ನೂ ಮಾಫಿ ಮಾಡಿ, ಕೈ ಚಲೋ ಇದೆ ಅಂತ ಹೇಳಲು ದೇವದುರ್ಗ ದಾಟಿ, ಸಿರವಾರ ದಾಟಿ, ಎರಡು ಬಸ್ಸು ಹತ್ತಿ ಬಂದಿದ್ದರು. ಚಹಾ ಕುಡಿಯದೆ ಹೋಗಿದ್ದರು.

ಕಣ್ಣಲ್ಲಿ ನೀರು ಬಂತು. ಅವತ್ತು ಅಮಾವಾಸ್ಯೆ, ವೆಲ್ಡಿಂಗ್ ಇರಲಿಲ್ಲ. ಖಾಜಾ ಇರಲಿಲ್ಲವಲ್ಲ, ಅದೊಂದು ಪುಣ್ಯ.

ದೇವಣ್ಣ ಕನ್ನಡಕ ತೆಗೆಯಲು ಕೈ ಎತ್ತಿದ.

"ತೆಗೀಬ್ಯಾಡ. ಡಾಕ್ಟರ್ ಹೇಳ್ಯಾರ ಕಣ್ಣಿಗೆ ನೀರು ತಂದುಕೋಬ್ಯಾಡ ಅಂತ," ಅಂದೆ.

"ತಂದುಕೊಳ್ಳೋದೇನು, ತಾನ ಬರ್ತದ."

ಈರಮ್ಮ ರೊಟ್ಟಿ ಡಬ್ಬಿ ತಂದು ನಡುವೆ ಇಟ್ಟಳು. ಏನೂ ಕೇಳಿಸಿಕೊಂಡಿಲ್ಲ ಅನ್ನುವ ಮುಖ ಮಾಡಿ, "ಅಲ್ರೀ, ಹೊತ್ತೇರಿದ್ರೂ ಉಣ್ಣಂಗಿಲ್ಲೇನು ಇಬ್ಬರೂ?" ಅಂದು ಶೇಂಗಾ ಚಟ್ನಿ, ಮೊಸರು ಜೋಡಿಸಿ ಹೋದಳು. ದೇವಣ್ಣ ಮುಚ್ಚಳದ ಮೇಲೆ ಕೈ ಆಡಿಸಿ, ಬಣ್ಣದ ಉಬ್ಬು ಸಿಕ್ಕಿ, "ಐದು ಅಂತ ಬರೆದಾರಲ್ಲ?" ಅಂದ.

"ತಪ್ಪು ಮುಚ್ಚಳ ಅದು. ನಾ ಹಾಕಿದ್ದು."

"ತಿದ್ದಲಿಲ್ಲೇನು ಇಷ್ಟು ದಿನ?"

"ರೊಟ್ಟಿಗೆ ನಡೀತದ."

ಅವನು ಒಂದು ರೊಟ್ಟಿ ತೆಗೆದು ಮುರಿದು, ಅರ್ಧ ನನ್ನ ತಾಟಿಗೆ ಅಂದಾಜಿನ ಮೇಲೆ ಹಾಕಿದ. ತಾಟಿನ ಹೊರಗೆ ಬಿತ್ತು. ನಾನು ಎತ್ತಿಕೊಂಡೆ. ಎರಡು ತುತ್ತು ಆದ ಮೇಲೆ ಕೇಳಿದ:

"ಮುಂದ ಏನಾತು? ಬೆಂಕಿ ಹಚ್ಚಿದಾಂವಗ ಹೀರೋ ಏನು ಮಾಡಿದ?"

ಹೀರೋ ಏನು ಮಾಡಿದ ಅಂತ ನನಗೆ ಚೆನ್ನಾಗಿ ಗೊತ್ತು. ಎಂಟನೇ ರೀಲಿನಲ್ಲಿ ಕೆಟ್ಟವನನ್ನು ಬಂಡೆಯ ಮೇಲಿಂದ ಕೆಡವುತ್ತಾನೆ. ದೇವಣ್ಣ ಅಗಿಯುವುದನ್ನು ನಿಲ್ಲಿಸಿ, ಕರಿ ಕನ್ನಡಕವನ್ನು ನನ್ನ ಕಡೆ ಇಟ್ಟುಕೊಂಡು ಕಾಯುತ್ತಿದ್ದ.

"ರೀಲ್ ದಾರ್ಯಾಗ ಅದ," ಅಂದೆ. "ಕುಂದರು."

ಕೂತ. ಹೇಳಿದ್ದ ವಾರ ಮುಗಿದು ಹತ್ತು ದಿನವಾಯಿತು, ಇನ್ನೂ ಪಡಸಾಲೆಯಲ್ಲೇ ಇದ್ದಾನೆ. ದಿನಾ ಮಧ್ಯಾಹ್ನ ಒಂದು ಸಿನಿಮಾ ಹೇಳುತ್ತೇನೆ. ಅವನು ನಡುವೆ ಬಾಯಿ ಹಾಕುತ್ತಾನೆ, ನಾನು ಬೈಯುತ್ತೇನೆ. ಮೂರೇ ಮಾತು ಹೋಗಿ ಈಗ ಮನೆಯಲ್ಲಿ ಕಿವಿಗೆ ಪುರುಸೊತ್ತಿಲ್ಲ ಅಂತ ಈರಮ್ಮನ ತಕರಾರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ವೆಲ್ಡಿಂಗ್ ಮಷಿನ್, ಒಂದು ಕಟರ್, ಕೆಲಸಕ್ಕೆ ನಾಲ್ಕು ಜನ, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅರ್ಧ ಒಂಬತ್ತನೇ ಇಯತ್ತೆ, ತಪ್ಪು ಮುಚ್ಚಳದ ಒಂದು ಡಬ್ಬಿ, ಅದರಲ್ಲಿ ಹನ್ನೊಂದು ರೊಟ್ಟಿ, ಒಬ್ಬ ಅಣ್ಣ.